ಎರಡು ಬೋರ್ಡು, ಒಂದು ಕರಿಹಲಗೆ

2020ರ ಜುಲೈ 20ರಂದು ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ‘ಟಿಲಿಮಿಲಿ’ ಶುರುವಾಯಿತು. ಕೊರೊನಾಕ್ಕೆ ಹೆದರಿ ಶಾಲೆಗಳು ಬಾಗಿಲು ಹಾಕಿದ್ದ ಕಾಲ. ಮಹಾರಾಷ್ಟ್ರದ 1ರಿಂದ 8ನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಪಾಠ, ಬಾಲಭಾರತಿ ಪುಸ್ತಕಗಳ ಪ್ರಕಾರ, ಮರಾಠಿಯಲ್ಲಿ. ಅದೇ ಮಳೆಗಾಲದಲ್ಲಿ ಬೆಂಗಳೂರಿನ ಚಂದನ ವಾಹಿನಿಯೂ ಪಾಠಗಳನ್ನು ಬಿತ್ತರಿಸತೊಡಗಿತು. ಅವು ಕನ್ನಡದಲ್ಲಿದ್ದವು, ಆದರೆ ಕರ್ನಾಟಕದ ಪಠ್ಯದಂತೆ. ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಒಂದೇ ಕೋಣೆಯ ಮನೆಯಲ್ಲಿ ಕೂತ ಕನ್ನಡ ಮಾಧ್ಯಮದ ಮಗುವಿಗೆ ರಿಮೋಟಿನ ಒಂದು ಗುಂಡಿ ಒತ್ತಿದರೆ ತನ್ನ ಪುಸ್ತಕ ಸಿಗುತ್ತಿತ್ತು, ಭಾಷೆ ಸಿಗುತ್ತಿರಲಿಲ್ಲ. ಇನ್ನೊಂದು ಒತ್ತಿದರೆ ಭಾಷೆ ಸಿಗುತ್ತಿತ್ತು, ಪುಸ್ತಕ ಸಿಗುತ್ತಿರಲಿಲ್ಲ.

ಆ ತಿಂಗಳುಗಳಲ್ಲಿ ಟೀಚರುಗಳು ಕಂಡುಕೊಂಡ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಪುಸ್ತಕದ ಪುಟದ ಫೋಟೊ ತೆಗೆದು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಅದರ ಬೆನ್ನಿಗೇ ಎರಡು ಮೂರು ನಿಮಿಷದ ಧ್ವನಿ ಸಂದೇಶ ಕಳಿಸುವುದು. ಹಿಂದೆ ಕುಕ್ಕರಿನ ಸೀಟಿ, ಪಕ್ಕದ ಮನೆಯ ಟೀವಿ. ಇದಕ್ಕೆ ‘ಶೈಕ್ಷಣಿಕ ಮಾಧ್ಯಮ ನಿರ್ಮಾಣ’ ಎಂಬ ದೊಡ್ಡ ಹೆಸರನ್ನು ಯಾರೂ ಕೊಡಲಿಲ್ಲ. ಕೊಡಬೇಕಿತ್ತು ಎಂದೇ ನನ್ನ ವಾದ. ಶಾಲೆಗೆ ತಂತ್ರಜ್ಞಾನ ಎಂದಾಗಲೆಲ್ಲ ನಮ್ಮ ಮಾತು ಪರದೆಯ ಸುತ್ತ ಗಿರಕಿ ಹೊಡೆಯುತ್ತದೆ: ಸ್ಮಾರ್ಟ್ ಬೋರ್ಡ್ ಬಂತೇ, ಪ್ರೊಜೆಕ್ಟರ್ ಯಾರು ದಾನ ಕೊಟ್ಟರು, ಉದ್ಘಾಟನೆಗೆ ಯಾರನ್ನು ಕರೆಯೋಣ. ಪರನಾಡಿನ ಕನ್ನಡ ತರಗತಿಯಲ್ಲಿ ಪರದೆ ಹೇಗಾದರೂ ಬರುತ್ತದೆ. ಬಾರದೆ ಉಳಿಯುವುದು ಧ್ವನಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗರೆಂದರೆ ಊರಿನವರ ಕಣ್ಣಿಗೆ ಮೊದಲು ಕಾಣುವುದು ಹೋಟೆಲು, ಬ್ಯಾಂಕು, ಯಕ್ಷಗಾನ. ಇಲ್ಲಿಗೆ ಬಂದು ನೆಲೆನಿಂತವರು ಸಂಘ ಕಟ್ಟಿದರು, ಸಂಘಗಳು ಶಾಲೆ ಕಟ್ಟಿದವು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಠಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆ ಹೀಗೆ ಹುಟ್ಟಿದವು. ಕಟ್ಟಿದವರ ಮೊಮ್ಮಕ್ಕಳು ಬಹುಪಾಲು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಅವರಲ್ಲಿ ಕೆಲವರು ರಜಾದಿನ ‘ಚಿಣ್ಣರ ಬಿಂಬ’ದಂಥ ಸಂಸ್ಥೆಗಳ ತರಗತಿಯಲ್ಲಿ ಅಆಇಈ ತಿದ್ದುತ್ತಾರೆ. ಮುಂಬಯಿ ಸುತ್ತಮುತ್ತ ಕನ್ನಡ ಮಾಧ್ಯಮದ ಬೆಂಚುಗಳನ್ನು ಈಗ ತುಂಬಿರುವುದು ಬೇರೆಯೇ ಮಕ್ಕಳು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ಅಪ್ಪ ಅವ್ವ. ಕೆಲವರ ಮನೆಮಾತು ಲಂಬಾಣಿ. ಬೀದಿಯಲ್ಲಿ ಹಿಂದಿ, ಲೋಕಲ್ ಟ್ರೇನಿನಲ್ಲಿ ಮರಾಠಿ. 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ. ಇಷ್ಟೆಲ್ಲದರ ನಡುವೆ ಆ ಮಗು ಗಣಿತ, ವಿಜ್ಞಾನ ಓದುವುದು ಕನ್ನಡದಲ್ಲಿ.

ಅದಕ್ಕೆ ಪುಸ್ತಕವಂತೂ ಇದೆ. ಪುಣೆಯಲ್ಲಿ 1967ರ ಜನವರಿ 27ರಂದು ಶುರುವಾದ ‘ಬಾಲಭಾರತಿ’, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳ, ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುವ ಸಂಪ್ರದಾಯವನ್ನು ಬೆಳೆಸಿಕೊಂಡು ಬಂದಿದೆ. ಬೇರೆ ರಾಜ್ಯಗಳನ್ನು ನೋಡಿದರೆ ಇದು ಸಣ್ಣ ಉಪಕಾರವಲ್ಲ. ಕನ್ನಡ ಭಾಷೆಯ ಪುಸ್ತಕವನ್ನು ಕನ್ನಡದ ಸಮಿತಿಯೇ ರೂಪಿಸುತ್ತದೆ; ಉಳಿದ ವಿಷಯಗಳು ಅನುವಾದ. ಈ ಪುಸ್ತಕಗಳ ಹೆಚ್ಚಿನ ಓದುಗರು ಇರುವುದು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಗಡಿಹಳ್ಳಿಗಳಲ್ಲಿ. ಮುಂಬಯಿ ಸೀಮೆಯವರು ಆ ಪಂಕ್ತಿಯ ಕೊನೆಯ ಎಲೆ.

ಪುಸ್ತಕದ ಆಚೆಗೆ ಕೈಚಾಚಿದಾಗ ಕಷ್ಟ ಶುರುವಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ‘ದೀಕ್ಷಾ’ ವೇದಿಕೆಯನ್ನೇ ನೋಡಿ. ಅಲ್ಲಿ ಪಾಠಗಳನ್ನು ಜೋಡಿಸಿರುವುದು ಬೋರ್ಡು, ಮಾಧ್ಯಮ, ತರಗತಿ, ವಿಷಯ ಎಂಬ ಕ್ರಮದಲ್ಲಿ. ಕರ್ನಾಟಕವನ್ನು ಆರಿಸಿದರೆ ಕನ್ನಡದ ದೊಡ್ಡ ಭಂಡಾರ, ಮಹಾರಾಷ್ಟ್ರವನ್ನು ಆರಿಸಿದರೆ ಮರಾಠಿಯ ದೊಡ್ಡ ಭಂಡಾರ. ನಡುವಿನ ಓಣಿಯಲ್ಲಿ ನಿಂತವರು ಎರಡೂ ಕಡೆ ಹುಡುಕಬೇಕು. ಖಾಸಗಿಯವರಂತೂ ಲಾಭ ಇಲ್ಲದ ಕಡೆ ಬರುವುದಿಲ್ಲ, ಬರಬೇಕೆನ್ನುವುದು ನ್ಯಾಯವೂ ಅಲ್ಲ. 1959ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ನವನೀತ್ ಪ್ರಕಾಶನ, ಗೈಡು–ಡೈಜೆಸ್ಟುಗಳಿಂದ ಡಿಜಿಟಲ್ ಪಾಠದವರೆಗೆ ಬೆಳೆದದ್ದು ಮಹಾರಾಷ್ಟ್ರ ಮತ್ತು ಗುಜರಾತ್ ಬೋರ್ಡುಗಳ ಲಕ್ಷಾಂತರ ಮಕ್ಕಳನ್ನು ನಂಬಿ. ಮಹಾರಾಷ್ಟ್ರ ಬೋರ್ಡಿನ ಕನ್ನಡ ಮಾಧ್ಯಮಕ್ಕಾಗಿ ಅನಿಮೇಷನ್ ಮಾಡಿಸಿ ಯಾರಿಗೆ ಮಾರುವುದು?

ಎರಡು ರಾಜ್ಯಗಳ ಗಣಿತ ಎಷ್ಟೆಂದರೂ ಒಂದೇ. ಭಿನ್ನರಾಶಿಗೆ ಗಡಿವಿವಾದವಿಲ್ಲ. ಹಾಗಾಗಿ ಚಂದನದ ಗಣಿತ ಪಾಠವನ್ನು ಡೊಂಬಿವಲಿಯಲ್ಲಿ ಹಾಕಿದರೆ ಅಧ್ಯಾಯದ ಕ್ರಮ ತಪ್ಪೀತು, ಅರ್ಥ ತಪ್ಪದು. ಪರಿಸರ ಅಧ್ಯಯನ, ಇತಿಹಾಸ, ಭೂಗೋಳ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಮಹಾರಾಷ್ಟ್ರದಲ್ಲಿ 3ನೇ ತರಗತಿಯ ಮಕ್ಕಳು ತಮ್ಮದೇ ಜಿಲ್ಲೆಯ ಭೂಗೋಳ ಓದುವ ರೂಢಿ ಇದೆ. 4ನೇ ತರಗತಿಯ ಇತಿಹಾಸವೆಂದರೆ ಬಹುಕಾಲದಿಂದ ಶಿವಾಜಿ ಮಹಾರಾಜರ ಚರಿತ್ರೆ. ಠಾಣೆ ಜಿಲ್ಲೆಯ ಬಗ್ಗೆ ಬೆಂಗಳೂರಿನವರು ಪಾಠ ಮಾಡಿಡುವುದಿಲ್ಲ. ಉಲ್ಹಾಸ ನದಿ ಎಲ್ಲಿ ಹುಟ್ಟಿತು, ಬದಲಾಪುರ, ಕಲ್ಯಾಣ ದಾಟಿ ವಸಯಿ ಖಾಡಿಗೆ (ಅಳಿವೆಗೆ) ಹೇಗೆ ಸೇರಿತು ಎಂದು ಕನ್ನಡದಲ್ಲಿ ತೋರಿಸುವ ಚಿತ್ರ ಬೇಕಿದ್ದರೆ ಟೀಚರೇ ಮಾಡಬೇಕು.

ಅದರಲ್ಲೂ ಒಂದು ತಮಾಷೆ ನಡೆಯಿತು. 2014ರ ಆಗಸ್ಟ್ 1ರಂದು ಪಾಲಘರ ಬೇರೆ ಜಿಲ್ಲೆಯಾಯಿತು. ಠಾಣೆಯ 15 ತಾಲ್ಲೂಕುಗಳಲ್ಲಿ ಎಂಟು ಅತ್ತ ಹೋದವು. ಠಾಣೆ, ಕಲ್ಯಾಣ, ಉಲ್ಹಾಸನಗರ, ಅಂಬರನಾಥ, ಭಿವಂಡಿ, ಶಹಾಪುರ, ಮುರಬಾಡ ಉಳಿದವು. ಗೋಡೆಯ ಮೇಲೆ ತೂಗುತ್ತಿದ್ದ ಜಿಲ್ಲಾ ನಕ್ಷೆ ಒಂದೇ ರಾತ್ರಿಯಲ್ಲಿ ಸುಳ್ಳಾಯಿತು. ಹೊಸ ನಕ್ಷೆ ಮರಾಠಿಯಲ್ಲಿ ಅಂಗಡಿಗೆ ಬರುತ್ತದೆ. ಕನ್ನಡದ್ದು ಬೇಕೆಂದರೆ ಕಾರ್ಡ್‌ಶೀಟ್ ತಂದು, ಸ್ಕೆಚ್ ಪೆನ್ನಿನಲ್ಲಿ ಗಡಿ ಬರೆದು, ತಾಲ್ಲೂಕಿನ ಹೆಸರುಗಳನ್ನು ಕನ್ನಡದಲ್ಲಿ ತುಂಬಬೇಕು. ಇದನ್ನು ನಾನು ದುಃಖದ ಮಾತಾಗಿ ಹೇಳುತ್ತಿಲ್ಲ. ನಕ್ಷೆಯನ್ನು ಮಕ್ಕಳ ಕೈಯಲ್ಲೇ ಬರೆಸಿದರೆ ಅಂಗಡಿಯ ನಕ್ಷೆಗಿಂತ ಹೆಚ್ಚು ಕಲಿತಾರು. ಯಾರ ಮನೆಯ ನಲ್ಲಿಗೆ ಬಾರವಿ ಅಣೆಕಟ್ಟಿನ ನೀರು, ಯಾರದಕ್ಕೆ ನವಿಮುಂಬಯಿ ಪಾಲಿಕೆಯ ಮೋರಬೆಯದು ಎಂದು ಗುರುತು ಹಾಕಿಸಿದರೆ ಅಂಥ ನಕ್ಷೆ ಯಾವ ಪ್ರಕಾಶಕರ ಬಳಿಯೂ ಇಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿಲೋಮೀಟರ್ ಓಡಿ ನಿಂತದ್ದು ಠಾಣೆಯಲ್ಲಿ, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಶಿವಾಜಿ 1657ರಲ್ಲಿ ಕಲ್ಯಾಣವನ್ನು ಗೆದ್ದ ಮೇಲೆ ಹಡಗು ಕಟ್ಟಿಸತೊಡಗಿದರೆಂದು ಹೇಳುವ ದುರ್ಗಾಡಿ ಕೋಟೆ ಖಾಡಿಯ ದಡದಲ್ಲೇ ಇದೆ. ಪಾಠೋಪಕರಣ ಎಂದು ಬೇರೆ ಏನನ್ನು ಹುಡುಕಬೇಕು?

ತರಗತಿಯಲ್ಲಿ ಮಾತ್ರ ಅತಿ ಸುಲಭದ ಉಪಾಯವೆಂದರೆ ಮರಾಠಿ ವಿಡಿಯೊ ಹಾಕಿ ಅದರ ಬಾಯಿ ಮುಚ್ಚಿಸುವುದು. ಚಿತ್ರ ಓಡುತ್ತಿರುತ್ತದೆ, ಟೀಚರ್ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾರೆ. ಬೇಕಾದಲ್ಲಿ ನಿಲ್ಲಿಸಿ, ‘ಈಗೇನಾತು, ಹೇಳ್ರಿ ನೋಡೋಣ’ ಎಂದು ಕೇಳುತ್ತಾರೆ. ಇದನ್ನು ಕೊರತೆಯ ಕಾಲದ ಜುಗಾಡ್ ಎಂದು ಕೆಲವರು ಮೂಗು ಮುರಿಯುವುದುಂಟು. ಆದರೆ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಗಿರಗಾಂವಿನಲ್ಲಿ ತೆರೆಕಂಡ ಮೂಕಿ ಯುಗದಲ್ಲಿ ಪರದೆಯ ಪಕ್ಕ ನಿಂತು ಕತೆ ಹೇಳುವವರಿದ್ದರು. ಊರಿಗೊಂದು ಭಾಷೆ, ಒಂದೇ ರೀಲು. ನಮ್ಮ ಟೀಚರ್ ಅದೇ ವೃತ್ತಿಯ ಮುಂದಿನ ತಲೆಮಾರು. ತುಟಿಗೆ ತುಟಿ ಹೊಂದಿಸಿ ಡಬ್ ಮಾಡಿದ ವಿಡಿಯೊ ಮಗುವಿನ ಮುಖ ನೋಡುವುದಿಲ್ಲ, ಇವರು ನೋಡುತ್ತಾರೆ.

ಈ ‘ಚಿತ್ರ ಒಂದು, ಧ್ವನಿ ಬೇರೆ’ ಎಂಬುದು ಸರ್ಕಾರವೇ ಒಮ್ಮೆ ಮಾಡಿ ತೋರಿಸಿದ ವಿದ್ಯೆ ಎಂಬುದನ್ನು ಮರೆತಿದ್ದೇವೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗ ಅದು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಪಾಠ ಕಳಿಸಿತು. ಕರ್ನಾಟಕದಲ್ಲಿ ಆ ಹಳ್ಳಿಗಳು ಇದ್ದದ್ದು ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳಲ್ಲಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪ್ರತಿ ಭಾಷೆಯಲ್ಲೂ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳ ಅನುಕೂಲ ಇದ್ದುದರಿಂದ, ಆಂಧ್ರ–ಕರ್ನಾಟಕದ ಹಳ್ಳಿಗಳು ಒಂದೇ ಚಿತ್ರವನ್ನು ಅಲ್ಲಿ ತೆಲುಗಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೇಳಬಹುದಿತ್ತು. ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳಿಗೆ ಇಸ್ರೋದ ಸ್ಟುಡಿಯೊ ಇದ್ದದ್ದು ಮುಂಬಯಿಯಲ್ಲೇ. ಐವತ್ತು ವರ್ಷದ ಹಿಂದೆ ಮುಂಬಯಿಯ ವಿಜ್ಞಾನ ಪಾಠ ಆಕಾಶಕ್ಕೆ ಹೋಗಿ ಬಿಸಿಲುನಾಡಿನ ಹಳ್ಳಿಗೆ ಕನ್ನಡದಲ್ಲಿ ಇಳಿಯಿತು. ಅದನ್ನು ಪಂಚಾಯಿತಿ ಟೀವಿಯ ಮುಂದೆ ಕೂತು ನೋಡಿದವರ ಮೊಮ್ಮಕ್ಕಳು ಮುಂಬಯಿಗೇ ಬಂದಿದ್ದಾರೆ, ಪಾಠದ ಕನ್ನಡ ಮಾತ್ರ ಜೊತೆಗೆ ಬಂದಿಲ್ಲ.

ಸೈಟ್ ಎಲ್ಲವನ್ನೂ ಬದಲಿಸಿತು ಎಂದೇನೂ ಅಲ್ಲ. ಶಾಲೆಗೆ ಬರುವವರ ಸಂಖ್ಯೆಯಾಗಲಿ, ಬಿಡುವವರ ಸಂಖ್ಯೆಯಾಗಲಿ ಟೀವಿಯಿಂದ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ ಎಂದೇ ಅದರ ಮೌಲ್ಯಮಾಪನ ಹೇಳಿತು. ಮಕ್ಕಳ ಕುತೂಹಲ, ಮಾತು ಹೆಚ್ಚಿದವು. ನನಗೆ ಇದು ಪ್ರಾಮಾಣಿಕ ಲೆಕ್ಕ ಅನಿಸುತ್ತದೆ. ಪೆಟ್ಟಿಗೆ ಬಂದ ಮಾತ್ರಕ್ಕೆ ಕೂಲಿಗೆ ಹೋಗುವ ಮಗು ಶಾಲೆಗೆ ಬರುವುದಿಲ್ಲ.

ವಾಶಿಯ ಸೇತುವೆ ದಾಟಿ ಮುಂಬಯಿ ಕಡೆ ಹೊರಳಿದರೆ ಮೊದಲು ಸಿಗುವ ಮಾನಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ, 1974ರಲ್ಲಿ ಶುರುವಾದದ್ದು. ಅದರ ಸ್ಥಾಪಕ ವಿ.ಜಿ. ಕುಲಕರ್ಣಿ ಮತ್ತು ಸಂಗಡಿಗರು ಜಳಗಾಂವ್ ಜಿಲ್ಲೆಯ ಖಿರೋದಾ ಸುತ್ತಲಿನ ಶಾಲೆಗಳಲ್ಲಿ ಕೆಲಸ ಮಾಡಿದಾಗ ಅವರಿಗೆ ಎದುರಾದ ದೊಡ್ಡ ಅಡ್ಡಿ ಉಪಕರಣಗಳ ಕೊರತೆಗಿಂತ ಪುಸ್ತಕದ ಭಾಷೆ. ವಿಜ್ಞಾನದ ಪಾಠವನ್ನು ಸರಳ ಮಾತಿನಲ್ಲಿ ತಿದ್ದಿ ಬರೆದು ಕೊಟ್ಟಾಗ ಮಕ್ಕಳ ಕಲಿಕೆ ಸುಧಾರಿಸಿತು. ಅದು ಮರಾಠಿ ಮನೆಯ ಮಕ್ಕಳಿಗೆ ಮರಾಠಿ ಪುಸ್ತಕದ ಕತೆ. ಮರಾಠಿಯಿಂದ ಅನುವಾದಗೊಂಡ ಗ್ರಾಂಥಿಕ ಕನ್ನಡವನ್ನು ಯಾದಗಿರಿಯ ಲಂಬಾಣಿ ಹುಡುಗಿ ಓದುವಾಗ ಮಾತು ಎಷ್ಟು ಮೆಟ್ಟಿಲು ಇಳಿಯಬೇಕು! ‘ದ್ಯುತಿಸಂಶ್ಲೇಷಣೆ’ ಎಂದು ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಬಂದರೆ ಅದು ಅರ್ಥವಾಗಿಬಿಡುವುದಿಲ್ಲ. ‘ಎಲಿ ಬಿಸಲಿನ್ಯಾಗ ಅಡಗಿ ಮಾಡ್ಕೊಳ್ತೈತಿ’ ಎಂದು ಟೀಚರ್ ಒಮ್ಮೆ ಅವಳ ಊರಿನ ಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದ ಪದವನ್ನು ಹಲಗೆಯ ಮೇಲೆ ಬರೆದರೆ ಆಗುತ್ತದೆ.

ಇಲ್ಲಿ ಬಿ.ಎಡ್. ಕಾಲೇಜುಗಳ ಮೇಲೆ ನನ್ನದೊಂದು ತಕರಾರು. ಮಿಂಚುಪಟ್ಟಿ, ಸುರುಳಿ ಹಲಗೆ, ಫ್ಲಾನೆಲ್ ಬೋರ್ಡು, ಥರ್ಮೋಕೋಲಿನ ಜ್ವಾಲಾಮುಖಿ ಎಲ್ಲವನ್ನೂ ಪರೀಕ್ಷಕರಿಗೆ ತೋರಿಸಲೆಂದೇ ಮಾಡಿಸಿ ಅಟ್ಟಕ್ಕೆ ಏರಿಸುವ ಪದ್ಧತಿ ಬಿಡಿ, ಅದು ಹಳೆಯ ಕಾಯಿಲೆ. ‘ಓದಿದ್ದರಲ್ಲಿ 10 ಪ್ರತಿಶತ ನೆನಪಿರುತ್ತದೆ, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30’ ಎಂಬ ಗೋಪುರದ ಚಿತ್ರ ಈಗಲೂ ಗೋಡೆಗಳ ಮೇಲೆ ಇರುತ್ತದೆ, ಕೆಳಗೆ ಎಡ್ಗರ್ ಡೇಲ್ ಎಂಬ ಹೆಸರು. ಡೇಲ್ 1946ರ ತನ್ನ ಪುಸ್ತಕದಲ್ಲಿ ಅನುಭವದ ಶಂಕುವನ್ನು ಬರೆದದ್ದು ನಿಜ. ಆದರೆ ಅದರಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಪ್ರತಿಶತಗಳನ್ನು ಆಮೇಲೆ ಯಾರೋ ಅಂಟಿಸಿದರು. ಅವುಗಳ ಹಿಂದೆ ಯಾವ ಸಂಶೋಧನೆಯೂ ಇಲ್ಲ. ಆ ಅಂಕಿಗಳನ್ನು ನಂಬಿ ‘ತೋರಿಸಿದರೆ ಸಾಕು, ಕಲಿತಂತೆ’ ಎಂಬ ಹುಂಬತನ ಬೆಳೆಯಿತು, ಪರದೆ ಮಾರುವವರಿಗೂ ಅದು ಅನುಕೂಲವಾಯಿತು.

ಪರದೆಯಿಂದ ಒಳ್ಳೆಯದಾದದ್ದೂ ಇದೆ, ಇದೇ ಜಿಲ್ಲೆಯಲ್ಲಿ. ಶಹಾಪುರ ತಾಲ್ಲೂಕಿನ ಪಾಷ್ಟೇಪಾಡಾ ಎಂಬ ಆದಿವಾಸಿ ಹಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಸಂದೀಪ್ ಗುಂಡ್ ಎಂಬ ಶಿಕ್ಷಕರು ಸೌರಶಕ್ತಿಯಿಂದ ನಡೆಯುವ ಡಿಜಿಟಲ್ ತರಗತಿ ಕಟ್ಟಿದರು. ‘ಪಾಷ್ಟೇಪಾಡಾ ಪ್ಯಾಟರ್ನ್’ ಎಂದೇ ಅದು ಮಹಾರಾಷ್ಟ್ರದ ಶಿಕ್ಷಕರ ಬಾಯಲ್ಲಿ ಹರಡಿತು. 2015ರಲ್ಲಿ ‘ಪ್ರಗತ್ ಶೈಕ್ಷಣಿಕ್ ಮಹಾರಾಷ್ಟ್ರ’ ಯೋಜನೆ ಬಂದಾಗ ಊರವರ ವಂತಿಗೆಯಿಂದಲೇ ಶಾಲೆಗಳನ್ನು ಡಿಜಿಟಲ್ ಮಾಡುವ ಅಲೆ ಎದ್ದಿತು. ಇನ್ನೊಂದು ಹೆಸರು ಎಲ್ಲರೂ ಕೇಳಿದ್ದು: ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್‌ಸಿಂಹ ಡಿಸಲೆ, 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದವರು. ಬಹುಮಾನದ 10 ಲಕ್ಷ ಡಾಲರಿನಲ್ಲಿ ಅರ್ಧವನ್ನು ಉಳಿದ ಒಂಬತ್ತು ಅಂತಿಮ ಸ್ಪರ್ಧಿಗಳಿಗೆ ಹಂಚಿದರು ಎಂಬುದಷ್ಟೇ ಸುದ್ದಿಯಾಯಿತು. ಪ್ರಶಸ್ತಿಯ ಪರಿಚಯದಲ್ಲಿ ಇದ್ದ ಇನ್ನೊಂದು ಮಾತು ಕನ್ನಡಿಗರ ಕಿವಿ ನಿಮಿರಿಸಬೇಕಿತ್ತು. ಮಕ್ಕಳ ಮನೆಮಾತು ಕನ್ನಡ ಎಂದು ತಿಳಿದು ಅವರು ಕನ್ನಡ ಕಲಿತರು, 1ರಿಂದ 4ನೇ ತರಗತಿಯ ಪುಸ್ತಕಗಳನ್ನು ಹೊಸದಾಗಿ ರೂಪಿಸಿ, ಹಾಡು, ಕತೆ, ಪಾಠಗಳ ಕ್ಯೂಆರ್ ಕೋಡ್‌ಗಳನ್ನು ಅವುಗಳಲ್ಲಿ ಕೂರಿಸಿದರು ಎಂದು ಅಲ್ಲಿ ಬರೆದಿದೆ. ಪುಸ್ತಕದ ಮೂಲೆಯ ಚೌಕಗಳು ಈಗ ದೇಶದ ತುಂಬ ಇವೆ. ಚೌಕ ಅಚ್ಚುಹಾಕುವುದು ಪೈಸೆಯ ಕೆಲಸ. ಅದರಾಚೆ ಯಾವ ಭಾಷೆ ಕಾದಿದೆ ಎಂಬುದು ದುಬಾರಿ.

ಬೋರ್ಡಿನ ಹಂಗಿಲ್ಲದ ಸಾಮಗ್ರಿಗಳೂ ಉಂಟು, ಇಂಥ ಶಾಲೆಗಳಿಗೆ ಅವೇ ಹೆಚ್ಚು ಒದಗುವವು. ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ಮಾಡಿ ತೋರಿಸುವ ಆಟಿಕೆಗಳ ಪುಟ್ಟ ಚಿತ್ರಗಳು ಕನ್ನಡ ಧ್ವನಿಯಲ್ಲೂ ಇವೆ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿ ಸಿಗುತ್ತವೆ, ಪ್ರಯೋಗಾಲಯ ಇಲ್ಲದ ಶಾಲೆಯಲ್ಲಿ ವಿದ್ಯುತ್ ಮಂಡಲ ಜೋಡಿಸಬಹುದು. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡ ಕತೆಗಳಿವೆ, ಮೂಲದವರ ಹೆಸರು ಹಾಕಿದರೆ ಸಾಕು, ಮಾತು ಬದಲಿಸಿ ಮುದ್ರಿಸಿಕೊಳ್ಳಲು ಪರವಾನಗಿಯೇ ಒಪ್ಪುತ್ತದೆ. ಕತೆಯೊಳಗಿನ ಹೊಲವನ್ನು ಚಾಳಿನ ಗಲ್ಲಿ ಮಾಡಿ, ಎತ್ತಿನ ಬದಲು ಟೆಂಪೊ ತಂದರೂ ಯಾರ ಅಭ್ಯಂತರವೂ ಇಲ್ಲ. ಕರ್ನಾಟಕದಲ್ಲಿ ಸರ್ಕಾರಿ ಶಿಕ್ಷಕರೇ ಬರೆದು ತುಂಬಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣವೂ ಇದೇ ನಂಬಿಕೆಯ ಮೇಲೆ ನಿಂತದ್ದು. ಇನ್ನೂ ಹಿಂದೆ, 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ‘ನಲಿಕಲಿ’ ಕಲಿಕಾ ವಿಧಾನದ ಕಾರ್ಡುಗಳನ್ನು ತಾವೇ ಬರೆದರು. ಕಾಗದದ ಕಾರ್ಡು, ಕೈಬರಹ. ಅದು ಇಡೀ ರಾಜ್ಯಕ್ಕೆ ಹಬ್ಬಿತು.

ಮಾಡಲು ಕೂತವರಿಗೆ ಎದುರಾಗುವ ತೊಡಕುಗಳು ಸಣ್ಣವು, ಆದರೆ ಪ್ರಾಣ ಹಿಂಡುವಂಥವು. ನುಡಿಯಲ್ಲೋ ಶ್ರೀಲಿಪಿಯಲ್ಲೋ ಟೈಪು ಮಾಡಿದ ಹಳೆಯ ಟಿಪ್ಪಣಿಯನ್ನು ಬೇರೆ ಕಂಪ್ಯೂಟರಿನ ಸ್ಲೈಡಿಗೆ ಅಂಟಿಸಿದರೆ ಕನ್ನಡ ಹೋಗಿ ಗೀಟುಗೀಟಿನ ಚಿತ್ತಾರ ಬರುತ್ತದೆ. ಯೂನಿಕೋಡ್‌ನಲ್ಲೇ ಬರೆದರೂ ಕೆಲವು ವಿಡಿಯೊ ಆ್ಯಪ್‌ಗಳಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತವೆ. ‘ಶಿಕ್ಷಕ’ ಎಂಬಲ್ಲಿ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಅದಕ್ಕೆ ಮದ್ದು, ಪರದೆಯಲ್ಲಿ ಅಕ್ಷರವನ್ನೇ ಕಡಿಮೆ ಮಾಡುವುದು. ಹಲಗೆಯ ಮೇಲೆ ಬಳಪದಲ್ಲಿ ಬರೆದು ಅದರ ಫೋಟೊ ಹಾಕಿದರೆ ಯಾವ ಒತ್ತೂ ಜಾರದು. ಚಿತ್ರದ ಮೇಲೆ ಇರುವುದನ್ನೇ ಗಿಳಿಯಂತೆ ಓದುವುದಕ್ಕಿಂತ ಚಿತ್ರ ಒಂದು ಹೇಳಲಿ, ಧ್ವನಿ ಇನ್ನೊಂದು ಹೇಳಲಿ. ಧ್ವನಿಗೆ ಹೊದಿಕೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂರಬೇಕು, ಫ್ಯಾನು ಆರಿಸಬೇಕು, ಲೋಕಲ್ ಹೋಗುವ ತನಕ ಸುಮ್ಮನಿರಬೇಕು. ಮೂರು ನಿಮಿಷ ದಾಟಬಾರದು.

ಇದಕ್ಕಿಂತ ದೊಡ್ಡ ತೊಡಕು ಟೀಚರಿನ ನಿವೃತ್ತಿ. ಮಾಡಿದ್ದೆಲ್ಲ ಅವರ ಫೋನಿನಲ್ಲೇ ಇರುತ್ತದೆ, ಅವರ ಜೊತೆ ಹೋಗುತ್ತದೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ದಪ್ಪ ಸ್ಮರಣ ಸಂಚಿಕೆ ತರುತ್ತವೆ, ಜಾಹೀರಾತುಗಳ ನಡುವೆ ಶುಭ ಸಂದೇಶಗಳಿರುತ್ತವೆ. ಅದೇ ಖರ್ಚಿನಲ್ಲಿ ಈ ಶಾಲೆಗಳ ಪಾಠಧ್ವನಿಗಳನ್ನು ಒಂದೆಡೆ ಕೂಡಿಟ್ಟರೆ ಠಾಣೆಯ ನಕ್ಷೆ ಡೊಂಬಿವಲಿಗೆ ಸಿಕ್ಕೀತು, ಅಕ್ಕಲಕೋಟೆಯ ವಿಜ್ಞಾನ ಪಾಠ ಕಲ್ಯಾಣಕ್ಕೆ ಬಂದೀತು. ಕೇಳಿದವರು ಕೊಟ್ಟ ಉತ್ತರ, ‘ನೋಡೋಣ, ಕಮಿಟಿಯಲ್ಲಿ ಇಡುತ್ತೇವೆ’.

ಎರಡೂ ಬೋರ್ಡುಗಳು ಮಾಡದ, ಈ ತರಗತಿ ಮಾತ್ರ ಮಾಡಬಲ್ಲ ಒಂದು ಪಾಠ ನನ್ನ ಮನಸ್ಸಿನಲ್ಲಿದೆ. ಕಲ್ಯಾಣದಿಂದ ಕರ್ಜತ್ ಲೋಕಲ್ ಹತ್ತಿದರೆ ಮೂರನೆಯ ನಿಲ್ದಾಣ ಅಂಬರನಾಥ. ಅಲ್ಲಿನ ಶಿವಾಲಯದ ಶಾಸನಕ್ಕೆ ಶಕ 982, ಅಂದರೆ ಕ್ರಿ.ಶ. 1060ರ ಕಾಲ, ಆಗ ಆಳುತ್ತಿದ್ದವನು ಶಿಲಾಹಾರ ದೊರೆ ಮುಮ್ಮುಣಿ. ಠಾಣೆಯನ್ನು ಸ್ಥಾನಕವೆಂದು ಕರೆದು ಉತ್ತರ ಕೊಂಕಣವನ್ನು ಆಳಿದ ಈ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಬೋರಿವಲಿಯ ಕಾನ್ಹೇರಿ ಗುಹೆಗಳ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಇದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು. ಇಲ್ಲಿನ ಬೆಂಚುಗಳ ಮೇಲೆ ಕೂತ ಕೆಲವು ಮಕ್ಕಳ ಅಜ್ಜ ಅಜ್ಜಿ ಈಗಲೂ ಇರುವುದು ಆ ಸುತ್ತಿನ ಊರುಗಳಲ್ಲಿ. ಮಳಖೇಡದ ಕೋಟೆಯ ಫೋಟೊವನ್ನು ಊರಿನಿಂದ ತರಿಸಲಿ, ಅಂಬರನಾಥದ ಫೋಟೊವನ್ನು ತಾವೇ ತೆಗೆಯಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ತಮ್ಮದೇ ಕಲಬುರಗಿ ಮಾತಿನಲ್ಲಿ ಕತೆ ಹೇಳಲಿ. ಮೂರೇ ನಿಮಿಷ. ದೇಗುಲ ನಿಲ್ದಾಣದಿಂದ ಸುಮಾರು ಎರಡು ಕಿಲೋಮೀಟರ್, ನೋಡಬೇಕಾದ ಶಿಲ್ಪಗಳು ಹೊರಗೋಡೆಯ ಮೇಲೆ. ಪುರಾತತ್ವ ಇಲಾಖೆಯ ರಕ್ಷಣೆಯ ಜಾಗವಾದ್ದರಿಂದ ಟ್ರೈಪಾಡ್ ಒಯ್ಯಬೇಕಿದ್ದರೆ ಮುಂಚೆಯೇ ಅನುಮತಿ ಪಡೆಯಬೇಕು. ಮೊಬೈಲನ್ನು ಕೈಯಲ್ಲೇ ಹಿಡಿದು ತೆಗೆಯುವುದು ವಾಸಿ.